ವಿಚಾರಣೆಯ ಕರೆಗಳು ನಿಂತಾಗ: ಸಣ್ಣ ಉದ್ಯಮದ ವೆಬ್‌ಸೈಟಿನಲ್ಲಿ ದೋಷ ಪತ್ತೆಹಚ್ಚುವ ಕ್ರಮ

ದಿನಕ್ಕೆ ನಾಲ್ಕೈದು ವಿಚಾರಣೆಗಳು ಬರುತ್ತಿದ್ದ ಉದ್ಯಮಕ್ಕೆ ಈಗ ವಾರಕ್ಕೊಂದು ಕರೆಯೂ ಬರುತ್ತಿಲ್ಲ. ವೆಬ್‌ಸೈಟನ್ನು ತೆರೆದು ನೋಡಿದರೆ ಮಾತ್ರ ಎಲ್ಲವೂ ಮೊದಲಿನಂತೆಯೇ ಇದೆ. ಸಣ್ಣ ಉದ್ಯಮ ನಡೆಸುವವರಿಂದ ನಾನು ಅತಿ ಹೆಚ್ಚು ಬಾರಿ ಕೇಳಿರುವ ದೂರು ಇದು. ಈ ಸ್ಥಿತಿಗೆ ಬಂದವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ: ಜಾಹೀರಾತಿಗೆ ಹಣ ಹಾಕುತ್ತಾರೆ, ಇಲ್ಲವೇ ಹೊಸ ವೆಬ್‌ಸೈಟ್ ಮಾಡಿಸುತ್ತಾರೆ. ಪೈಪು ಎಲ್ಲಿ ಒಡೆದಿದೆ ಎಂದು ನೋಡದೆ ದೊಡ್ಡ ಪಂಪು ಕೂರಿಸಿದರೆ ನೀರು ಇನ್ನಷ್ಟು ಜೋರಾಗಿ ಸೋರುತ್ತದೆಯೇ ಹೊರತು ತೋಟಕ್ಕೆ ತಲುಪುವುದಿಲ್ಲ. ಆದ್ದರಿಂದ ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲು, ಗಿರಾಕಿಯು ನಮ್ಮನ್ನು ತಲುಪುವ ದಾರಿ ಎಲ್ಲಿ ತುಂಡಾಗಿದೆ ಎಂಬುದನ್ನು ಕಂಡುಹಿಡಿಯುವುದು ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ.

ಆ ದಾರಿಯಲ್ಲಿ ನಾಲ್ಕು ಹಂತಗಳಿವೆ. ಯಾರೋ ಒಬ್ಬರು ತಮಗೆ ಬೇಕಾದ ವಸ್ತುವನ್ನು ಹುಡುಕುತ್ತಾರೆ. ಫಲಿತಾಂಶಗಳ ನಡುವೆ ನಮ್ಮ ಹೆಸರು ಅವರ ಕಣ್ಣಿಗೆ ಬೀಳುತ್ತದೆ. ಅವರು ಅದನ್ನು ಒತ್ತಿ ನಮ್ಮ ಪುಟಕ್ಕೆ ಬರುತ್ತಾರೆ. ಅಲ್ಲಿಂದ ಕರೆ ಮಾಡುತ್ತಾರೆ ಅಥವಾ ಸಂದೇಶ ಕಳಿಸುತ್ತಾರೆ. ಈ ನಾಲ್ಕರಲ್ಲಿ ಯಾವುದು ಕೆಟ್ಟರೂ ಮಾಲೀಕರಿಗೆ ಕಾಣುವ ಲಕ್ಷಣ ಒಂದೇ, ಅಂದರೆ ಫೋನು ಸುಮ್ಮನಿರುತ್ತದೆ. ಹಾಗಾಗಿ ಲಕ್ಷಣವನ್ನಷ್ಟೇ ನೋಡಿ ಕಾರಣವನ್ನು ಊಹಿಸಬಾರದು.

ಉದಾಹರಣೆಗೆ ನಾನೇ ಪರಿಶೀಲಿಸಿದ ಒಂದು ಪ್ರಕರಣವನ್ನು ಉದ್ದಕ್ಕೂ ಬಳಸಿಕೊಳ್ಳುತ್ತೇನೆ. ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ದಂಪತಿಗಳಿಬ್ಬರು ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ ಮತ್ತು ಹಲಸಿನ ಹಪ್ಪಳಗಳನ್ನು ತಯಾರಿಸಿ ಕೊರಿಯರ್ ಮೂಲಕ ಬೆಂಗಳೂರು, ಹುಬ್ಬಳ್ಳಿ, ಮುಂಬೈಗಳಿಗೆ ಕಳಿಸುತ್ತಾರೆ. ವೆಬ್‌ಸೈಟಿಗೆ ಹೊಸ ವಿನ್ಯಾಸ ಮಾಡಿಸಿದ ಕೆಲವು ವಾರಗಳಲ್ಲಿ ಅವರಿಗೆ ಹೊಸ ಗಿರಾಕಿಗಳು ಬರುವುದು ನಿಂತುಹೋಯಿತು. “ತಮ್ಮಾ, ಗೂಗಲ್‌ನವರು ನಮ್ಮನ್ನು ಕೈಬಿಟ್ಟರೇನೋ, ಜಾಹೀರಾತು ಕೊಡೋಣವೇ?” ಎಂದು ಆ ಮನೆಯ ಅಕ್ಕ ಕೇಳಿದರು. ಸ್ವಲ್ಪ ತಡೆಯಿರಿ ಎಂದೆ. ಅಲ್ಲಿ ಸಿಕ್ಕಿದ್ದು ಒಂದು ದೋಷವಲ್ಲ, ಒಂದರ ಮೇಲೊಂದು ಕುಳಿತಿದ್ದ ಹಲವು ದೋಷಗಳು.

ಮೊದಲು ತಾರೀಖು

ಕಂಪ್ಯೂಟರನ್ನು ಮುಟ್ಟುವ ಮೊದಲು ವಿಚಾರಣೆಗಳು ಯಾವಾಗಿನಿಂದ ಕಡಿಮೆಯಾದವು ಎಂಬುದನ್ನು ನೆನಪಿನಿಂದಲ್ಲದೆ ದಾಖಲೆಯಿಂದ ಗುರುತಿಸಬೇಕು. ಈ ಮನೆಯಲ್ಲಿ ಕೊರಿಯರ್ ರಸೀದಿಗಳನ್ನೆಲ್ಲ ಅಡುಗೆಮನೆಯ ಬಾಗಿಲ ಹಿಂದಿನ ತಂತಿಗೆ ಚುಚ್ಚಿಡುವ ಪದ್ಧತಿಯಿತ್ತು. ಅವನ್ನು ಕೆಳಗಿಳಿಸಿ, ಹಳೆಯ ಗಿರಾಕಿಗಳ ರಸೀದಿಗಳನ್ನು ಒಂದು ಕಡೆ, ಹೊಸಬರದನ್ನು ಇನ್ನೊಂದು ಕಡೆ ಮಾಡಿ ವಾರವಾರಕ್ಕೆ ಎಣಿಸಿದೆವು. ಹಳಬರ ಸಂಖ್ಯೆ ಹಾಗೆಯೇ ಇತ್ತು. ಹೊಸಬರ ಪೈಕಿ ಸುಮಾರು ಅರ್ಧದಷ್ಟು ಒಂದೇ ವಾರದಲ್ಲಿ ಇಲ್ಲವಾಗಿದ್ದರು, ಉಳಿದರ್ಧ ಮುಂದಿನ ಐದಾರು ವಾರಗಳಲ್ಲಿ ನಿಧಾನವಾಗಿ ಕರಗಿಹೋಗಿದ್ದರು. ಈ ಎಣಿಕೆಯೊಂದೇ ಅರ್ಧ ಉತ್ತರವನ್ನು ಕೊಟ್ಟಿತು. ಒಮ್ಮೆಲೇ ಬಿದ್ದರೆ ಪುಟದಲ್ಲಿ ಒತ್ತುವ ಯಾವುದೋ ಗುಂಡಿ (ಬಟನ್), ಸಂಖ್ಯೆ ಅಥವಾ ಲಿಂಕ್ ಕೆಟ್ಟಿರುತ್ತದೆ; ನಿಧಾನವಾಗಿ ಇಳಿದರೆ ಹುಡುಕಾಟದ ಫಲಿತಾಂಶಗಳಿಂದ ಪುಟಗಳು ಜಾರುತ್ತಿರುತ್ತವೆ, ಇಲ್ಲವೇ ಋತುಮಾನದ ಬೇಡಿಕೆ ಇಳಿಯುತ್ತಿರುತ್ತದೆ.

ಋತುಮಾನದ ವಿಷಯದಲ್ಲಿ ಎಚ್ಚರಿಕೆ ಬೇಕು. ಕಳೆದ ವರ್ಷದ ಇದೇ ತಿಂಗಳಿಗೆ ಹೋಲಿಸಿ ವ್ಯಾಪಾರ ಬಿದ್ದಿದೆ ಎಂದು ತೀರ್ಮಾನಿಸುವವರು ನಮ್ಮ ಹಬ್ಬಗಳು ಇಂಗ್ಲಿಷ್ ತಾರೀಖಿಗೆ ಕಟ್ಟುಬಿದ್ದಿಲ್ಲವೆಂಬುದನ್ನು ಮರೆಯುತ್ತಾರೆ. ಯುಗಾದಿ 2024ರಲ್ಲಿ ಏಪ್ರಿಲ್ 9ರಂದು, 2025ರಲ್ಲಿ ಮಾರ್ಚ್ 30ರಂದು, 2026ರಲ್ಲಿ ಮಾರ್ಚ್ 19ರಂದು ಬಂದಿದೆ. ಹಬ್ಬದ ಹಿಂದಿನ ಮೂರು ವಾರಗಳನ್ನು ಹಬ್ಬದ ಹಿಂದಿನ ಮೂರು ವಾರಗಳಿಗೇ ಹೋಲಿಸಬೇಕು. ಏಪ್ರಿಲ್ಲನ್ನು ಏಪ್ರಿಲ್ಲಿಗೆ ಹೋಲಿಸಿದರೆ ಇಲ್ಲದ ದೋಷ ಕಾಣುತ್ತದೆ, ಇರುವ ದೋಷ ಮರೆಯಾಗುತ್ತದೆ.

ತಾರೀಖಿನ ಜೊತೆಗೆ ಆ ಹೊತ್ತಿನಲ್ಲಿ ಏನೇನು ಬದಲಾಯಿತು ಎಂಬುದನ್ನೂ ಬರೆದುಕೊಳ್ಳಿ. ಹೊಸ ವಿನ್ಯಾಸ, ಹೊಸ ಹೋಸ್ಟಿಂಗ್ (ವೆಬ್‌ಸೈಟನ್ನು ಇರಿಸುವ ಬಾಡಿಗೆ ಸರ್ವರ್), ಹೊಸ ಫೋನ್ ಸಂಖ್ಯೆ, ಅವಧಿ ಮುಗಿದ ಡೆಬಿಟ್ ಕಾರ್ಡ್, ಬೆಲೆ ಏರಿಕೆ ಇವೆಲ್ಲವೂ ಪಟ್ಟಿಯಲ್ಲಿರಲಿ.

ಗಿರಾಕಿಯ ತುದಿಯಿಂದ ಆರಂಭಿಸಿ

ಪರೀಕ್ಷೆಯನ್ನು ನಾಲ್ಕನೆಯ ಹಂತದಿಂದ ಹಿಂದಕ್ಕೆ ನಡೆಸುವುದು ಒಳ್ಳೆಯದು. ಅಲ್ಲಿನ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಅಲ್ಲಿನ ದೋಷವೇ ಅತಿ ಹೆಚ್ಚು ನಷ್ಟ ಮಾಡುವುದು, ಮತ್ತು ಮಾಲೀಕರು ಎಂದೂ ನೋಡದ ಜಾಗವೂ ಅದೇ. ತಮ್ಮ ಅಂಗಡಿಗೆ ತಾವೇ ಕರೆ ಮಾಡುವವರು ಯಾರಿದ್ದಾರೆ?

ನಿಮ್ಮ ಫೋನಿನಲ್ಲಿ ಪರೀಕ್ಷಿಸಬೇಡಿ. ನಿಮ್ಮ ಬ್ರೌಸರ್ ಹಳೆಯ ಪುಟವನ್ನೇ ಉಳಿಸಿಟ್ಟುಕೊಂಡು ತೋರಿಸುತ್ತಿರಬಹುದು. ನೀವು ವೆಬ್‌ಸೈಟಿನ ಒಳಗೆ ಲಾಗಿನ್ ಆಗಿದ್ದರೆ ಹೊರಗಿನವರಿಗೆ ಕಾಣುವುದಕ್ಕಿಂತ ಬೇರೆಯದೇ ನಿಮಗೆ ಕಾಣಬಹುದು. ನೆಂಟರ ಅಥವಾ ನೆರೆಯವರ ಫೋನನ್ನು ಪಡೆದು, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ವೆಬ್‌ಸೈಟಿನ ವಿಳಾಸವನ್ನು ಕೈಯಾರೆ ಬರೆದು ತೆರೆಯಿರಿ. ಅನಂತರ ಕಾಣುವ ಪ್ರತಿಯೊಂದು ಗುಂಡಿಯನ್ನೂ ಒತ್ತಿ.

ಮೊದಲನೆಯ ದೋಷ ನಮಗೆ ಸಿಕ್ಕಿದ್ದು ಇಲ್ಲಿಯೇ. ಪುಟದ ಕೆಳಗೆ ಹಸಿರು ಬಣ್ಣದ ವಾಟ್ಸ್‌ಆ್ಯಪ್ ಗುಂಡಿಯಿತ್ತು, ಅದರ ಪಕ್ಕದಲ್ಲಿ ಅಕ್ಕನ ಹತ್ತು ಅಂಕಿಯ ಸಂಖ್ಯೆಯೂ ತಪ್ಪಿಲ್ಲದೆ ಬರೆದಿತ್ತು. ಪಕ್ಕದ ಮನೆಯ ಹುಡುಗನ ಫೋನಿನಲ್ಲಿ ಗುಂಡಿ ಒತ್ತಿದರೆ, ಈ ಸಂಖ್ಯೆ ವಾಟ್ಸ್‌ಆ್ಯಪ್‌ನಲ್ಲಿ ಇಲ್ಲವೆಂಬ ಸಂದೇಶ ಬಂತು. ಅಕ್ಕ ಒಂದು ಕ್ಷಣ ಏನೂ ಹೇಳಲಿಲ್ಲ, ಆಮೇಲೆ ತಮ್ಮ ಫೋನನ್ನು ತಿರುಗಿಸಿ ನೋಡಿದರು. ವಾಟ್ಸ್‌ಆ್ಯಪ್ ಲಿಂಕಿನಲ್ಲಿ ಸಂಖ್ಯೆಯನ್ನು ದೇಶದ ಸಂಕೇತದೊಂದಿಗೇ ಬರೆಯಬೇಕು: ಮೊದಲು 91, ಅದರ ಬೆನ್ನಿಗೆ ಹತ್ತು ಅಂಕಿಗಳು, ಅಧಿಕ ಚಿಹ್ನೆ, ಮುಂದಿನ ಸೊನ್ನೆ, ಅಡ್ಡಗೆರೆ, ಖಾಲಿ ಜಾಗ ಯಾವುದೂ ಇರಬಾರದು. ಹೊಸ ವಿನ್ಯಾಸ ಮಾಡಿದವರು 91 ಅನ್ನು ಬಿಟ್ಟಿದ್ದರು. ಹಾಗೆ ಬಿಟ್ಟಾಗ ಸಂಖ್ಯೆಯ ಮೊದಲ ಅಂಕಿಗಳನ್ನೇ ದೇಶದ ಸಂಕೇತವೆಂದು ಓದಲಾಗುತ್ತದೆ. ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್‌ನ 94480 ಸರಣಿಯ ಸಂಖ್ಯೆಗಳು ಎಲ್ಲರಿಗೂ ಪರಿಚಿತ. ಅಂಥ ಸಂಖ್ಯೆಯನ್ನು 91 ಇಲ್ಲದೆ ಬರೆದರೆ 94 ಎಂಬುದು ಶ್ರೀಲಂಕಾದ ಸಂಕೇತವಾಗುತ್ತದೆ, 98ರಿಂದ ಆರಂಭವಾಗುವ ಸಂಖ್ಯೆಯಾದರೆ ಇರಾನಿನದಾಗುತ್ತದೆ. ಉಪ್ಪಿನಕಾಯಿ ಬೇಕೆಂದು ಗುಂಡಿ ಒತ್ತಿದವರನ್ನು ವಾರಗಟ್ಟಲೆ ಸಮುದ್ರದಾಚೆಗೆ ಕಳಿಸುತ್ತಿದ್ದ ದೋಷ ಇಷ್ಟೇ ಆಗಿತ್ತು. ಲಿಂಕನ್ನು ಸರಿಪಡಿಸಿದ ದಿನ ಸಂಜೆಯೇ ಹುಬ್ಬಳ್ಳಿಯಿಂದ ಒಂದು ಸಂದೇಶ ಬಂತು.

ಕರೆ ಮಾಡುವ ಗುಂಡಿಯನ್ನೂ ಹೀಗೆಯೇ ಪರೀಕ್ಷಿಸಿ. ಒಂದು ವ್ಯತ್ಯಾಸವನ್ನು ಗಮನಿಸಬೇಕು: ಅಲ್ಲಿ ಅಧಿಕ ಚಿಹ್ನೆಯೊಂದಿಗೆ 91 ಬರೆಯುವುದೇ ಸರಿಯಾದ ಕ್ರಮ, ಏಕೆಂದರೆ ಹೊರದೇಶದಲ್ಲಿರುವ ನಮ್ಮವರು ಒತ್ತಿದರೂ ಕರೆ ಬರಬೇಕು.

ಇನ್ನು ವಿಚಾರಣಾ ಅರ್ಜಿ. ಹೆಸರು, ಫೋನ್ ಸಂಖ್ಯೆ, ಸಂದೇಶ ತುಂಬಿ ಕಳಿಸುವ ಆ ಚಿಕ್ಕ ಅರ್ಜಿಯಷ್ಟು ಮೋಸ ಮಾಡುವ ಭಾಗ ವೆಬ್‌ಸೈಟಿನಲ್ಲಿ ಮತ್ತೊಂದಿಲ್ಲ. ಕಳಿಸಿದವರಿಗೆ ‘ಧನ್ಯವಾದ, ನಿಮ್ಮ ಸಂದೇಶ ತಲುಪಿದೆ’ ಎಂದು ಕಾಣಿಸುತ್ತದೆ, ಮಾಲೀಕರಿಗೆ ಮಾತ್ರ ಏನೂ ಬಂದಿರುವುದಿಲ್ಲ. ಇಬ್ಬರಿಗೂ ತಪ್ಪು ನಡೆದದ್ದು ಗೊತ್ತಾಗುವುದಿಲ್ಲ. ಪರೀಕ್ಷೆಗಾಗಿ ಒಂದು ಸಂದೇಶ ಕಳಿಸಿ, ಇನ್‌ಬಾಕ್ಸ್‌ನಲ್ಲಿ ಕಾಣದಿದ್ದರೆ ಸ್ಪ್ಯಾಮ್ ಪೆಟ್ಟಿಗೆಯನ್ನು ತೆರೆಯಿರಿ. ಅಕ್ಕನ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಲಾಟರಿ, ಸಾಲದ ಪತ್ರಗಳ ನಡುವೆ ಹನ್ನೊಂದು ನಿಜವಾದ ವಿಚಾರಣೆಗಳಿದ್ದವು. ಒಬ್ಬರು ಮಗಳ ಮದುವೆಯಲ್ಲಿ ಹಂಚಲು ನಲವತ್ತು ಕಿಲೋ ಉಪ್ಪಿನಕಾಯಿಗೆ ಬೆಲೆ ಕೇಳಿದ್ದರು. ಮದುವೆಯ ದಿನ ಆಗಲೇ ಕಳೆದಿತ್ತು. ಜಿಮೇಲ್ ಮೂವತ್ತು ದಿನಗಳ ನಂತರ ಸ್ಪ್ಯಾಮ್ ಅನ್ನು ತಾನಾಗಿ ಅಳಿಸುವುದರಿಂದ ಅದಕ್ಕೂ ಹಿಂದಿನವು ಎಷ್ಟಿದ್ದವೋ ತಿಳಿಯುವ ದಾರಿಯಿರಲಿಲ್ಲ.

ಇದರ ಕಾರಣವನ್ನು ಸ್ವಲ್ಪ ವಿವರಿಸಬೇಕು. ಅನೇಕ ಅರ್ಜಿಗಳು ಸಂದೇಶ ತುಂಬಿದವರ ಇಮೇಲ್ ವಿಳಾಸವನ್ನೇ ಕಳಿಸಿದವರ ವಿಳಾಸವಾಗಿ ಹಾಕಿ ಪತ್ರ ರವಾನಿಸುವಂತೆ ಹೊಂದಿಸಲ್ಪಟ್ಟಿರುತ್ತವೆ. ಪತ್ರವನ್ನು ನಿಜವಾಗಿ ಹೊರಡಿಸುವುದು ನಮ್ಮ ಹೋಸ್ಟಿಂಗ್ ಸರ್ವರ್, ಆದರೆ ಪತ್ರದ ಮೇಲೆ ಬರೆದಿರುವುದು ಗಿರಾಕಿಯ ಜಿಮೇಲ್ ವಿಳಾಸ. ಸ್ವೀಕರಿಸುವ ಕಡೆಯವರ ದೃಷ್ಟಿಯಲ್ಲಿ ಇದು ಬೇರೆಯವರ ಹೆಸರಿನಲ್ಲಿ ಬರೆದ ನಕಲಿ ಪತ್ರ. 2024ರ ಫೆಬ್ರವರಿಯಿಂದ ಜಿಮೇಲ್ ಕಳಿಸುವವರ ಗುರುತಿನ ನಿಯಮಗಳನ್ನು ಬಿಗಿಗೊಳಿಸಿದ್ದು, ಎಸ್‌ಪಿಎಫ್ ಅಥವಾ ಡಿಕಿಮ್ ದಾಖಲೆ ಪ್ರತಿಯೊಬ್ಬ ರವಾನೆದಾರರಿಗೂ ಅಗತ್ಯವಾಗಿದೆ. ಅವೆರಡೂ ಒಂದು ಡೊಮೇನಿನ, ಅಂದರೆ ವೆಬ್‌ಸೈಟಿನ ವಿಳಾಸದ, ಹೆಸರಿನಲ್ಲಿ ಪತ್ರ ಕಳಿಸುವ ಅಧಿಕಾರ ಯಾರಿಗಿದೆ ಎಂದು ಹೇಳುವ ದಾಖಲೆಗಳು. ಪರಿಹಾರ ಹೀಗಿದೆ: ಕಳಿಸಿದವರ ಜಾಗದಲ್ಲಿ ನಿಮ್ಮ ಡೊಮೇನಿನದೇ ವಿಳಾಸವಿರಲಿ, ಗಿರಾಕಿಯ ವಿಳಾಸ ‘ರಿಪ್ಲೈ ಟು’ ಜಾಗಕ್ಕೆ ಹೋಗಲಿ, ಪತ್ರ ಎಸ್‌ಎಂಟಿಪಿ ಮೂಲಕ, ಅಂದರೆ ಇಮೇಲ್ ಖಾತೆಗೆ ಲಾಗಿನ್ ಆಗಿ ಕಳಿಸುವ ವ್ಯವಸ್ಥೆಯ ಮೂಲಕ, ಹೊರಡಲಿ, ಡೊಮೇನಿನ ಡಿಎನ್‌ಎಸ್‌ನಲ್ಲಿ, ಅಂದರೆ ಆ ಹೆಸರಿನ ಅಧಿಕೃತ ವಿವರಗಳ ಪಟ್ಟಿಯಲ್ಲಿ, ಆ ಎರಡು ದಾಖಲೆಗಳು ಸೇರಲಿ. ಜೊತೆಗೆ ಪ್ರತಿಯೊಂದು ಅರ್ಜಿಯ ಪ್ರತಿ ವೆಬ್‌ಸೈಟಿನಲ್ಲಿಯೇ ಉಳಿಯುವಂತೆ ಮಾಡಿಸಿಕೊಳ್ಳಿ. ಪತ್ರ ಕಳೆದರೂ ವಿಚಾರಣೆ ಕಳೆಯುವುದಿಲ್ಲ.

ವೆಬ್‌ಸೈಟ್ ತೆರೆಯದಿದ್ದರೆ

ನೆರೆಯವರ ಫೋನಿನಲ್ಲಿ ವೆಬ್‌ಸೈಟೇ ತೆರೆಯದಿದ್ದರೆ ಕಾರಣಗಳು ಕೆಲವೇ. ಡೊಮೇನಿನ ಅವಧಿ ಮುಗಿದಿರಬಹುದು. ಡಾಟ್ ಕಾಮ್ ಹೆಸರುಗಳಲ್ಲಿ ನೋಂದಣಿದಾರ ಸಂಸ್ಥೆ ಹೆಸರನ್ನು ಅಳಿಸಿದ ನಂತರವೂ 30 ದಿನಗಳ ಕಾಲ ಹೆಚ್ಚುವರಿ ಶುಲ್ಕ ಕೊಟ್ಟು ಮರಳಿ ಪಡೆಯಬಹುದು, ಅದು ಮುಗಿದು 5 ದಿನಗಳಾದ ಮೇಲೆ ಯಾರು ಬೇಕಾದರೂ ಅದನ್ನು ಕೊಳ್ಳಬಹುದು. ಹೊಸದಾಗಿ ನೋಂದಾಯಿಸಿದಾಗ ಅಥವಾ ಮಾಲೀಕರ ವಿವರ ಬದಲಿಸಿದಾಗ ಬರುವ ಇಮೇಲ್ ದೃಢೀಕರಣವನ್ನು 15 ದಿನಗಳಲ್ಲಿ ಒತ್ತದಿದ್ದರೂ ಡೊಮೇನ್ ಅಮಾನತಿಗೆ ಒಳಗಾಗಬಹುದು. ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬಂದರೆ ವೆಬ್‌ಸೈಟಿನ ಸಂಪರ್ಕ ಸುರಕ್ಷಿತವೆಂದು ತೋರಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ನೋಡಿ. ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಗಳು 90 ದಿನಗಳ ಅವಧಿಯವಾಗಿದ್ದು ತಾವಾಗಿಯೇ ನವೀಕರಣವಾಗುವಂತೆ ಹೊಂದಿಸಿರುತ್ತಾರೆ. ಹೋಸ್ಟಿಂಗ್ ಬದಲಿಸಿದಾಗ ಆ ಹೊಂದಿಕೆ ತಪ್ಪುವುದು ಸಾಮಾನ್ಯ. ಪುಟ ತೆರೆಯುತ್ತದೆ ಆದರೆ ಬಹಳ ತಡವಾಗಿ ಎಂದಾದರೆ ಮೊದಲ ಸಂಶಯ ಫೋಟೋಗಳ ಮೇಲಿರಲಿ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಹಾಗೆಯೇ ಏರಿಸಿದರೆ ಒಂದೊಂದೂ ಹಲವು ಎಂಬಿ ಇರುತ್ತದೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ಘಟ್ಟದ ಮೇಲಿನ ನೆಟ್‌ವರ್ಕಿನಲ್ಲಿ ಒಮ್ಮೆ ತೆರೆದು ನೋಡಿದರೆ ಯಾವ ಅಳತೆಯೂ ಬೇಕಾಗುವುದಿಲ್ಲ.

ಮೂರು ಅಂಕಿಗಳು ಹೇಳುವ ಸುದ್ದಿ

ಗುಂಡಿಗಳೆಲ್ಲ ಸರಿಯಿವೆ, ಪುಟ ತೆರೆಯುತ್ತಿದೆ, ಆದರೂ ವಿಚಾರಣೆಯಿಲ್ಲ ಎಂದಾದಾಗ ಗೂಗಲ್ ಸರ್ಚ್ ಕನ್ಸೋಲ್ ನೋಡಬೇಕು; ಅದು ನಮ್ಮ ವೆಬ್‌ಸೈಟ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ಮಾಲೀಕರಿಗೆ ತೋರಿಸುವ ಗೂಗಲ್‌ನ ಸಾಧನ. ಇದು ಉಚಿತ, ಮತ್ತು ಹಿಂದಿನ 16 ತಿಂಗಳ ಅಂಕಿಅಂಶಗಳನ್ನು ಇಟ್ಟುಕೊಳ್ಳುವುದರಿಂದ ಕಳೆದ ವರ್ಷದ ಹಬ್ಬದ ದಿನಗಳೊಂದಿಗೆ ಹೋಲಿಸಲು ಸಾಕಾಗುತ್ತದೆ. ವೆಬ್‌ಸೈಟ್ ಇದ್ದೂ ಸರ್ಚ್ ಕನ್ಸೋಲ್ ಇಲ್ಲದಿದ್ದರೆ ಇಂದೇ ಸೇರಿಸಿಕೊಳ್ಳಿ. ಸೇರುವುದಕ್ಕಿಂತ ಹಿಂದಿನ ಮಾಹಿತಿ ಪೂರ್ತಿಯಾಗಿ ಸಿಗುತ್ತದೆಂದು ನೆಚ್ಚಿ ಕೂರುವಂತಿಲ್ಲ.

ಅಲ್ಲಿ ಇಂಪ್ರೆಷನ್ ಎಂದರೆ ನಮ್ಮ ಪುಟ ಫಲಿತಾಂಶಗಳಲ್ಲಿ ಎಷ್ಟು ಸಲ ತೋರಿತು ಎಂಬುದು. ಕ್ಲಿಕ್ ಎಂದರೆ ಎಷ್ಟು ಸಲ ಒತ್ತಲ್ಪಟ್ಟಿತು ಎಂಬುದು. ಮೂರನೆಯ ಅಂಕಿ ನಿಮ್ಮ ಬಳಿಯೇ ಇದೆ, ಅಂದರೆ ಬಂದ ಕರೆ ಮತ್ತು ಸಂದೇಶಗಳ ಲೆಕ್ಕ. ಇಂಪ್ರೆಷನ್ನೇ ಕುಸಿದಿದ್ದರೆ ಪುಟಗಳು ಗೂಗಲ್‌ನ ಇಂಡೆಕ್ಸ್‌ನಿಂದ (ಅದು ಓದಿ ದಾಖಲಿಸಿಕೊಂಡ ಪುಟಗಳ ಪಟ್ಟಿಯಿಂದ) ಹೊರಬಿದ್ದಿವೆ, ಇಲ್ಲವೇ ಬಹಳ ಕೆಳಗಿಳಿದಿವೆ, ಇಲ್ಲವೇ ಜನರೇ ಆ ವಸ್ತುವನ್ನು ಹುಡುಕುತ್ತಿಲ್ಲ. ಇಂಪ್ರೆಷನ್ ಹಾಗೆಯೇ ಇದ್ದು ಕ್ಲಿಕ್ ಕುಸಿದಿದ್ದರೆ ಫಲಿತಾಂಶದಲ್ಲಿ ಕಾಣುವ ನಮ್ಮ ಶೀರ್ಷಿಕೆ ಮತ್ತು ಎರಡು ಸಾಲುಗಳ ವಿವರಣೆ ಒತ್ತುವಂತೆ ಮಾಡುತ್ತಿಲ್ಲ, ಅಥವಾ ನಮಗಿಂತ ಮೇಲೆ ಬೇರೇನೋ ಬಂದು ಕುಳಿತಿದೆ. ಎರಡೂ ಸರಿಯಿದ್ದು ಕರೆ ಮಾತ್ರ ಇಲ್ಲವಾದರೆ ಮತ್ತೆ ಗುಂಡಿಗಳಿಗೆ, ಬೆಲೆಗೆ, ಪುಟದಲ್ಲಿರುವ ಮಾಹಿತಿಗೆ ಹಿಂದಿರುಗಬೇಕು. ಜಾಹೀರಾತಿಗೆ ಹಣ ಹಾಕಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಈ ಹೋಲಿಕೆಯ ನಂತರವೇ ಸಿಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊನೆಯ ಹಂತ ಕೆಟ್ಟಿರುವಾಗ ಜಾಹೀರಾತು ಕೊಟ್ಟರೆ, ಕೆಟ್ಟ ಗುಂಡಿಯನ್ನು ಇನ್ನೂ ನೂರು ಜನ ಒತ್ತುತ್ತಾರೆ, ಅಷ್ಟೇ.

ಉಪ್ಪಿನಕಾಯಿಯ ಪ್ರಕರಣದಲ್ಲಿ ಇಂಪ್ರೆಷನ್ ರೇಖೆ ಇಳಿಜಾರಿನಂತೆ ಬಿದ್ದು ನೆಲ ಮುಟ್ಟಿತ್ತು. ನಿಧಾನವಾಗಿ ಕರಗಿಹೋದ ಆ ಅರ್ಧ ರಸೀದಿಗಳ ಗುಟ್ಟು ಇದೇ ಆಗಿತ್ತು.

ಇಂಡೆಕ್ಸ್‌ನಿಂದ ಹೊರಬಿದ್ದ ಪುಟಗಳು

ಪುಟ ಗೂಗಲ್‌ನಲ್ಲಿ ಇದೆಯೇ ಇಲ್ಲವೇ ಎಂದು ನೋಡಲು, ಹುಡುಕಾಟದ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ವಿವರಣಾ ಚಿಹ್ನೆಯ ಎರಡು ಚುಕ್ಕೆಗಳನ್ನಿಟ್ಟು, ಜಾಗ ಬಿಡದೆ ನಿಮ್ಮ ಡೊಮೇನಿನ ಹೆಸರು ಬರೆಯಿರಿ. ಏನೂ ಬರದಿದ್ದರೆ ಸಂಶಯ ಗಟ್ಟಿಯಾಗುತ್ತದೆ. ಖಚಿತ ಉತ್ತರಕ್ಕೆ ಸರ್ಚ್ ಕನ್ಸೋಲಿನ ಯುಆರ್‌ಎಲ್ ತಪಾಸಣೆಯಲ್ಲಿ ಮುಖಪುಟದ ವಿಳಾಸವನ್ನು ಕೊಡಿ. ಪುಟ ಇಂಡೆಕ್ಸ್ ಆಗಿದೆಯೇ, ಆಗದಿದ್ದರೆ ಏಕೆ ಎಂಬುದನ್ನು ಅದು ಹೇಳುತ್ತದೆ.

ನಮಗೆ ಸಿಕ್ಕ ಉತ್ತರ ‘ನೋಇಂಡೆಕ್ಸ್ ಸೂಚನೆಯಿಂದ ಹೊರಗಿಡಲಾಗಿದೆ’ ಎಂಬುದಾಗಿತ್ತು. ವೆಬ್‌ಸೈಟ್ ಕಟ್ಟಲು ಬಳಸಿದ್ದ ವರ್ಡ್‌ಪ್ರೆಸ್ ತಂತ್ರಾಂಶದ ಸೆಟ್ಟಿಂಗ್ಸ್ ವಿಭಾಗದಲ್ಲಿ ರೀಡಿಂಗ್ ಎಂಬ ಪುಟವಿದೆ, ಅದರ ಕೆಳತುದಿಯಲ್ಲಿ, ಈ ತಾಣವನ್ನು ಇಂಡೆಕ್ಸ್ ಮಾಡದಂತೆ ಸರ್ಚ್ ಎಂಜಿನ್‌ಗಳನ್ನು ತಡೆಯಿರಿ ಎಂಬರ್ಥದ ಒಂದು ಚೌಕವಿದೆ. ವಿನ್ಯಾಸದ ಕೆಲಸ ನಡೆಯುವಾಗ ಅರೆಬರೆ ಪುಟಗಳು ಹೊರಗೆ ಕಾಣದಿರಲೆಂದು ಅಲ್ಲಿ ಗುರುತು ಹಾಕುವುದು ವಾಡಿಕೆ, ಮತ್ತು ಅದು ಸರಿಯಾದ ವಾಡಿಕೆಯೇ. ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿದ್ದರು. ಆ ಗುರುತು ಇದ್ದರೆ ಪ್ರತಿಯೊಂದು ಪುಟದ ತಲೆಯಲ್ಲೂ ನೋಇಂಡೆಕ್ಸ್ ಸೂಚನೆ ಸೇರಿಕೊಳ್ಳುತ್ತದೆ. ಪುಟಗಳನ್ನು ಓದಲು ಬರುವ ಗೂಗಲ್‌ನ ತಂತ್ರಾಂಶವಾದ ಗೂಗಲ್‌ಬಾಟ್ ಒಂದೊಂದು ಪುಟಕ್ಕೂ ಬೇರೆಬೇರೆ ದಿನ ಬರುವುದರಿಂದ ಪುಟಗಳು ಒಂದೇ ದಿನ ಮಾಯವಾಗದೆ ವಾರಗಳ ಅವಧಿಯಲ್ಲಿ ಒಂದೊಂದಾಗಿ ಉದುರುತ್ತವೆ. ಮಾಲೀಕರಿಗೆ ಇದು ವ್ಯಾಪಾರ ತಾನಾಗಿ ಇಳಿಯುತ್ತಿರುವಂತೆ ಕಾಣುತ್ತದೆ.

ಇದೇ ಲಕ್ಷಣವನ್ನು ಕೊಡುವ ಇನ್ನೊಂದು ಕಾರಣ ರೋಬಾಟ್ಸ್ ಕಡತ (robots.txt), ಅಂದರೆ ಯಾವ ಪುಟಗಳನ್ನು ಓದಬಾರದೆಂದು ಗೂಗಲ್‌ಬಾಟ್‌ಗೆ ಹೇಳುವ ಕಡತ. ಡೊಮೇನಿನ ಹೆಸರಿನ ನಂತರ ಓರೆಗೆರೆ (/) ಇಟ್ಟು ಆ ಕಡತದ ಹೆಸರು ಬರೆದರೆ ಯಾರು ಬೇಕಾದರೂ ಅದನ್ನು ಓದಬಹುದು. ‘ಡಿಸ್‌ಅಲೌ’ ಎಂಬ ಪದದ ಮುಂದೆ ಒಂಟಿ ಓರೆಗೆರೆ ಮಾತ್ರ ಇದ್ದರೆ ಇಡೀ ತಾಣದ ಬಾಗಿಲು ಮುಚ್ಚಿದೆ ಎಂದು ಅರ್ಥ. ಇಲ್ಲೊಂದು ತೊಡಕಿದೆ: ರೋಬಾಟ್ಸ್ ಕಡತ ತಡೆಯುವುದು ಗೂಗಲ್‌ಬಾಟ್ ಪುಟವನ್ನು ಓದುವುದನ್ನೇ ಹೊರತು ವಿಳಾಸ ಫಲಿತಾಂಶದಲ್ಲಿ ಕಾಣುವುದನ್ನಲ್ಲ. ಹೀಗಾಗಿ ವಿವರಣೆಯಿಲ್ಲದ ಬರಿಯ ಹೆಸರು ಅಲ್ಲಿ ಉಳಿದುಕೊಳ್ಳಬಹುದು, ಮತ್ತು ನೋಇಂಡೆಕ್ಸ್ ಕೂಡ ಇದ್ದರೆ ಅದನ್ನು ಓದಲು ಗೂಗಲ್‌ಬಾಟ್‌ಗೆ ಆಗುವುದೇ ಇಲ್ಲ. ಎರಡನ್ನೂ ಬೇರೆಬೇರೆಯಾಗಿ ನೋಡಿ.

ಹೊಸ ವಿನ್ಯಾಸದಲ್ಲಿ ಪುಟಗಳ ವಿಳಾಸಗಳೇ ಬದಲಾಗಿದ್ದರೆ ಹಳೆಯದರಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಬೇಕು. ಅದಿಲ್ಲದೆ ಹೋದರೆ ಹಳೆಯ ಪುಟ ವರ್ಷಗಳಲ್ಲಿ ಗಳಿಸಿದ ಸ್ಥಾನ ಹೊಸದಕ್ಕೆ ವರ್ಗವಾಗುವುದಿಲ್ಲ. ಕನಿಷ್ಠ ಒಂದು ವರ್ಷ ಅದನ್ನು ಉಳಿಸಿಕೊಳ್ಳಬೇಕೆಂಬುದು ಗೂಗಲ್‌ನ ಸಲಹೆ.

ಕನ್ನಡ ಪುಟಗಳಿಗೇ ವಿಶೇಷವಾದ ದೋಷಗಳು

ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಸಿಗದ, ನಮ್ಮ ಕಡೆ ಹೆಚ್ಚಾಗಿ ಕಾಣುವ ಕೆಲವು ದೋಷಗಳಿವೆ. ಇವುಗಳ ಬಗ್ಗೆ ನನಗೆ ವಿಶೇಷ ಕಾಳಜಿಯಿದೆ, ಏಕೆಂದರೆ ಕನ್ನಡದಲ್ಲಿ ಶ್ರದ್ಧೆಯಿಂದ ಬರೆದವರೇ ಇವುಗಳಿಂದ ಕಣ್ಮರೆಯಾಗುತ್ತಾರೆ.

ಮೊದಲನೆಯದು ಅಕ್ಷರಶೈಲಿಯದು. ಮುದ್ರಣಾಲಯದವರು ಕರಪತ್ರಕ್ಕಾಗಿ ‘ನುಡಿ’ ಅಥವಾ ‘ಬರಹ’ ಟೈಪಿಂಗ್ ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರಸಂಕೇತ) ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನೇ ವೆಬ್‌ಸೈಟಿಗೆ ಹಾಕಿದರೆ, ಆ ಅಕ್ಷರಶೈಲಿಯನ್ನು ಪುಟಕ್ಕೆ ಜೋಡಿಸಿದ್ದಾಗ ಮನುಷ್ಯರ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಗೂಗಲ್ ಓದುವುದು ಮಾತ್ರ ತಲೆಬುಡವಿಲ್ಲದ ರೋಮನ್ ಅಕ್ಷರಗಳನ್ನು. ಎರಡನೆಯದು ಇನ್ನೂ ಸಾಮಾನ್ಯ: ಬೆಲೆಪಟ್ಟಿ, ವಸ್ತುಗಳ ಹೆಸರು, ಕೆಲವೊಮ್ಮೆ ಇಡೀ ಪರಿಚಯವನ್ನೇ ಅಂದದ ಚಿತ್ರವಾಗಿ ಮಾಡಿ ಅಂಟಿಸಿರುತ್ತಾರೆ. ಇವೆರಡಕ್ಕೂ ಒಂದೇ ಪರೀಕ್ಷೆ ಸಾಕು. ಪುಟದಲ್ಲಿನ ಒಂದು ಸಾಲನ್ನು ಬೆರಳಿನಿಂದ ಒತ್ತಿಹಿಡಿದು ಆಯ್ಕೆ ಮಾಡಿ, ನಕಲಿಸಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಕನ್ನಡವಾಗಿಯೇ ಬಂದರೆ ಸರಿಯಿದೆ. ವಿಚಿತ್ರ ರೋಮನ್ ಅಕ್ಷರಗಳು ಬಂದರೆ ಯುನಿಕೋಡ್‌ಗೆ ಪರಿವರ್ತಿಸಬೇಕು. ಆಯ್ಕೆಯೇ ಆಗದಿದ್ದರೆ ಅದು ಚಿತ್ರ, ಅದರಲ್ಲಿರುವುದನ್ನು ಪಠ್ಯವಾಗಿ ಬರೆಯಬೇಕು.

ಮೂರನೆಯದು ವಿಳಾಸದ ಉದ್ದದ್ದು. ವರ್ಡ್‌ಪ್ರೆಸ್‌ನಲ್ಲಿ ಪುಟಕ್ಕೆ ಕನ್ನಡದ ಶೀರ್ಷಿಕೆ ಕೊಟ್ಟರೆ ವಿಳಾಸವೂ ಕನ್ನಡದಲ್ಲಿಯೇ ರೂಪುಗೊಳ್ಳುತ್ತದೆ. ಒಳಗೆ ಅದು ಶೇಕಡಾ ಚಿಹ್ನೆಗಳ ಸಂಕೇತವಾಗಿ ಪರಿವರ್ತನೆಯಾಗುವಾಗ ಕನ್ನಡದ ಪ್ರತಿಯೊಂದು ಸಂಕೇತವೂ (ಮೂಲಾಕ್ಷರ, ಸ್ವರಚಿಹ್ನೆ, ಹಲಂತ ಒಂದೊಂದೂ) ಒಂಬತ್ತು ಅಕ್ಷರಗಳ ಜಾಗ ತಿನ್ನುತ್ತದೆ. ವಿಳಾಸಕ್ಕೆ ಇರುವ ಮಿತಿ ಅಂಥ 200 ಅಕ್ಷರಗಳು. ಅಂದರೆ ಸುಮಾರು 22 ಸಂಕೇತಗಳಿಗೆ ಹೆಸರು ತುಂಡಾಗುತ್ತದೆ, ಮತ್ತು ‘ಕ್ಷ’ದಂಥ ಒಂದು ಒತ್ತಕ್ಷರವೇ ಮೂರು ಸಂಕೇತಗಳನ್ನು ಬಳಸುತ್ತದೆ. ಉದ್ದನೆಯ ಹೆಸರುಗಳಿರುವ ಎರಡು ಪುಟಗಳ ವಿಳಾಸ ಒಂದೇ ಆಗಿ, ಕೊನೆಗೊಂದು 2 ಸೇರಿಕೊಂಡು ಗೊಂದಲವಾಗಿರುವುದನ್ನು ಕಂಡಿದ್ದೇನೆ. ಪುಟದ ಒಳಗೆ ಕನ್ನಡ ಧಾರಾಳವಾಗಿರಲಿ, ವಿಳಾಸ ಮಾತ್ರ ಚಿಕ್ಕದಾಗಿ ರೋಮನ್ ಲಿಪಿಯಲ್ಲಿರಲಿ ಎಂಬುದು ನನ್ನ ಸಲಹೆ.

ಇವಿಷ್ಟೂ ಸರಿಯಿದ್ದು ಪುಟ ಕಾಣದಿದ್ದರೆ ಜನರು ಬಳಸುವ ಪದ ಪುಟದಲ್ಲಿದೆಯೇ ಎಂದು ನೋಡಬೇಕು. ಅಕ್ಕನ ಹೊಸ ಮುಖಪುಟದ ಶೀರ್ಷಿಕೆ ‘ಮಲೆನಾಡಿನ ಸ್ವಾದ’ ಎಂದಿತ್ತು. ಕೇಳಲು ಚೆಂದ, ಆದರೆ ಇಡೀ ಪುಟದಲ್ಲಿ ‘ಉಪ್ಪಿನಕಾಯಿ’ ಎಂಬ ಪದ ಚಿತ್ರಗಳ ಒಳಗಲ್ಲದೆ ಬೇರೆಲ್ಲೂ ಇರಲಿಲ್ಲ. ಜನರು ಅಪ್ಪೆಮಿಡಿ, ಅಪ್ಪೆ ಮಿಡಿ, ಮಾವಿನ ಮಿಡಿ, ಮಿಡಿ ಉಪ್ಪಿನಕಾಯಿ ಎಂದೆಲ್ಲ ಬರೆಯುತ್ತಾರೆ. ಬಹಳಷ್ಟು ಮಂದಿ ಅದನ್ನೇ ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಶೀರ್ಷಿಕೆಯನ್ನು ‘ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ: ಶಿರಸಿಯಿಂದ ಮನೆಬಾಗಿಲಿಗೆ’ ಎಂದು ಬದಲಿಸಿ, ಉಳಿದ ರೂಪಗಳು ವಿವರಣೆಯಲ್ಲಿ ಸಹಜವಾಗಿ ಬರುವಂತೆ ಎರಡು ಪ್ಯಾರಾ ಬರೆದೆವು. ಒಂದೇ ಪದವನ್ನು ಇಪ್ಪತ್ತು ಸಲ ತುರುಕುವ ಅಗತ್ಯವಿಲ್ಲ.

ನಕ್ಷೆಯ ಪಟ್ಟಿಯಲ್ಲಿ ಕಾಣದಿದ್ದರೆ

ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ 2021ರವರೆಗೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಲ್ಲಿದ್ದದ್ದು, ಬೇರೆಯೇ ವ್ಯವಸ್ಥೆ. ವೆಬ್‌ಸೈಟ್ ಕೆಟ್ಟರೂ ಇದು ನಡೆಯುತ್ತದೆ, ಇದು ಕೆಟ್ಟರೂ ವೆಬ್‌ಸೈಟ್ ನಡೆಯುತ್ತದೆ. ನಿಮ್ಮ ಅಂಗಡಿಯೊಳಗೆ ನಿಂತು ಹುಡುಕಿದರೆ ನೀವೇ ಮೊದಲು ಕಾಣುತ್ತೀರಿ, ಏಕೆಂದರೆ ಹುಡುಕುವವರಿಂದ ಎಷ್ಟು ದೂರ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಪರೀಕ್ಷೆಯನ್ನು ಊರಿನ ಇನ್ನೊಂದು ತುದಿಯಿಂದ ಮಾಡಿ.

ಸಮಯ, ಫೋನ್ ಸಂಖ್ಯೆ, ಮುಖ್ಯ ವರ್ಗ ಇವುಗಳನ್ನು ಹೊರಗಿನವರು ಬದಲಿಸಲು ಸೂಚಿಸಬಹುದು, ಸೂಚನೆಯನ್ನು ಗೂಗಲ್ ಒಪ್ಪಲೂಬಹುದು. ‘ಶಾಶ್ವತವಾಗಿ ಮುಚ್ಚಿದೆ’ ಎಂಬ ಗುರುತು ಬಿದ್ದಿರುವುದೂ ಉಂಟು. ಪ್ರೊಫೈಲ್ ಅಮಾನತಾಗಿದ್ದರೆ ಹೆಸರನ್ನು ನೋಡಿ: ನಾಮಫಲಕದಲ್ಲಿರುವ ಹೆಸರಿನ ಜೊತೆ ‘ಉತ್ತಮ’, ‘ಕಡಿಮೆ ಬೆಲೆ’ ಮುಂತಾದ ಪದಗಳನ್ನು ಸೇರಿಸುವುದು ನಿಯಮಕ್ಕೆ ವಿರುದ್ಧ. ಗಿರಾಕಿಯನ್ನು ಎಂದೂ ಮುಖತಃ ಭೇಟಿಯಾಗದ, ಆನ್‌ಲೈನ್‌ನಲ್ಲಿ ಮಾತ್ರ ನಡೆಯುವ ಉದ್ಯಮಕ್ಕೆ ಈ ಪ್ರೊಫೈಲ್ ಪಡೆಯುವ ಅರ್ಹತೆಯೇ ಇಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಅಕ್ಕನ ಮನೆಗೆ ಬಂದು ಬಾಟಲಿ ಒಯ್ಯುವವರಿದ್ದುದರಿಂದ ಅವರಿಗೆ ತೊಂದರೆಯಾಗಲಿಲ್ಲ. ಇನ್ನೊಂದು ಮಾತು: ಈ ಪ್ರೊಫೈಲಿನೊಂದಿಗೆ ಉಚಿತವಾಗಿ ಸಿಗುತ್ತಿದ್ದ ಚಿಕ್ಕ ವೆಬ್‌ಸೈಟುಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಆ ವಿಳಾಸವಿರುವ ವಿಸಿಟಿಂಗ್ ಕಾರ್ಡ್, ಬಾಟಲಿಯ ಲೇಬಲ್ ಇನ್ನೂ ಬಳಕೆಯಲ್ಲಿದ್ದರೆ ಬದಲಿಸಿ.

ಜಾಹೀರಾತು ಈಗಾಗಲೇ ನಡೆಯುತ್ತಿದ್ದರೆ ಎರಡು ಕಡೆ ನೋಡಿದರೆ ಸಾಕು. ಗೂಗಲ್ ಆ್ಯಡ್ಸ್‌ನಲ್ಲಿ ಸ್ಥಳದ ಆಯ್ಕೆ ಪೂರ್ವನಿಯೋಜಿತವಾಗಿ, ಆ ಸ್ಥಳದಲ್ಲಿ ಇರುವವರನ್ನಷ್ಟೇ ಅಲ್ಲದೆ ಅದರಲ್ಲಿ ಆಸಕ್ತಿ ತೋರಿದವರನ್ನೂ ಸೇರಿಸಿಕೊಳ್ಳುತ್ತದೆ. ಊರಿನವರಿಗಷ್ಟೇ ಸೇವೆ ಕೊಡುವವರು ಅದನ್ನು ಇರುವವರಿಗೆ ಮಾತ್ರ ಎಂದು ಬದಲಿಸಬೇಕು. ಎರಡನೆಯದು, ಜನರು ನಿಜವಾಗಿ ಬರೆದ ಹುಡುಕಾಟದ ಪದಗಳ ವರದಿ. ಉಪ್ಪಿನಕಾಯಿ ಮಾಡುವ ವಿಧಾನ ಕೇಳುವವರು ಉಪ್ಪಿನಕಾಯಿ ಕೊಳ್ಳುವವರಲ್ಲ; ‘ಮಾಡುವ ವಿಧಾನ’ದಂಥ ಪದಗಳನ್ನು ನಿಷೇಧಿತ ಪದಗಳ ಪಟ್ಟಿಗೆ ಸೇರಿಸಿ.

ಸರಿಪಡಿಸಿದ ನಂತರ

ದುರಸ್ತಿಗೆ ಹೊರಟಾಗ ಒಂದು ಅಡ್ಡಿ ಎದುರಾಯಿತು. ಡೊಮೇನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್ ಮೂರೂ ವೆಬ್‌ಸೈಟ್ ಮಾಡಿಕೊಟ್ಟವರ ಇಮೇಲಿನಲ್ಲಿಯೇ ಇದ್ದವು. ಅವರು ಒಳ್ಳೆಯವರೇ, ಕೇಳಿದಾಗ ಕೊಟ್ಟರು, ಆದರೆ ಅದಕ್ಕೆ ಒಂಬತ್ತು ದಿನ ಹಿಡಿಯಿತು. ಈ ಮೂರು ಖಾತೆಗಳ ಮಾಲೀಕತ್ವ ನಿಮ್ಮ ಇಮೇಲಿನಲ್ಲಿರಲಿ, ಕೆಲಸ ಮಾಡುವವರಿಗೆ ಬಳಕೆದಾರರ ಪ್ರವೇಶ ಮಾತ್ರ ಕೊಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ತಾರೀಖು ಬರೆದಿಡಿ. ಗುಂಡಿ, ಅರ್ಜಿಗಳ ದುರಸ್ತಿಯ ಫಲ ಅಂದೇ ಕಾಣುತ್ತದೆ. ಇಂಡೆಕ್ಸ್‌ನದು ಹಾಗಲ್ಲ: ನೋಇಂಡೆಕ್ಸ್ ತೆಗೆದು, ಮುಖ್ಯ ಪುಟಗಳಿಗೆ ಯುಆರ್‌ಎಲ್ ತಪಾಸಣೆಯಿಂದ ಮರುಇಂಡೆಕ್ಸ್ ಕೋರಿಕೆ ಸಲ್ಲಿಸಿದ ಮೇಲೂ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಕಾಯಬೇಕಾಗುತ್ತದೆ, ಮತ್ತೆ ಮತ್ತೆ ಕೋರಿಕೆ ಸಲ್ಲಿಸುವುದರಿಂದ ಬೇಗ ಆಗುವುದಿಲ್ಲ. ಅಕ್ಕನ ಮುಖಪುಟ ನಾಲ್ಕನೆಯ ದಿನ ಮರಳಿತು, ಉಪ್ಪಿನಕಾಯಿಯ ಪುಟ ಎರಡನೆಯ ವಾರದಲ್ಲಿ, ಹಪ್ಪಳದ ಪುಟ ಎಲ್ಲಕ್ಕಿಂತ ಕೊನೆಗೆ. ಆರು ವಾರ ಕಳೆದರೂ ಇಂಪ್ರೆಷನ್ ಮೇಲೇಳದಿದ್ದರೆ ಸರ್ಚ್ ಕನ್ಸೋಲಿನ ಪುಟಗಳ ವರದಿಯಲ್ಲಿ ಪ್ರತಿಯೊಂದು ಪುಟವೂ ಯಾವ ಕಾರಣದ ಕೆಳಗೆ ನಿಂತಿದೆ ಎಂದು ಓದಿ, ಆ ಕಾರಣದಿಂದ ಈ ತಪಾಸಣೆಯನ್ನು ಮತ್ತೆ ಆರಂಭಿಸಿ.